ಬೆನ್ನು ತೋರಿಸಿ ಒದೆಯುವುದು

ನಮ್ಮ ಕಡೆಯ ಜಾತ್ರೆ ಕುಸ್ತಿಯಲ್ಲಿ ಬೆನ್ನು ಕೊಟ್ಟವನು ಅರ್ಧ ಸೋತಂತೆಯೇ. ಬೆಳ್ಳಿ ಕಡಗಕ್ಕೆ ಹಿಡಿದ ಜೋಡಿ ಅಖಾಡದಲ್ಲಿ ಸುತ್ತು ಹಾಕುವುದನ್ನು ನೋಡಿ. ಇಬ್ಬರ ಕಣ್ಣೂ ಎದುರಾಳಿಯ ಸೊಂಟದ ಮೇಲೆ, ಇಬ್ಬರ ಲೆಕ್ಕಾಚಾರವೂ ಹೇಗಾದರೂ ಮಾಡಿ ಹಿಂಬದಿಗೆ ಹೋಗುವುದು. ಹಿಂದಿನಿಂದ ಕೈ ಸೊಂಟ ಬಳಸಿತೆಂದರೆ ಮುಂದಿನದು ಬರೀ ಹೊತ್ತಿನ ಮಾತು. ಒಲಿಂಪಿಕ್ ಫ್ರೀಸ್ಟೈಲ್ ಕುಸ್ತಿಯ ಕಾನೂನೂ ಇದನ್ನೇ ಒಪ್ಪುತ್ತದೆ: ಎದುರಾಳಿಯನ್ನು ನೆಲಕ್ಕಿಳಿಸಿ ಹಿಂದೆ ಹೋಗಿ ಹಿಡಿತ ಸಾಧಿಸಿದವನಿಗೆ 2 ಅಂಕ.

ಇಂಥ ತಾಲೀಮಿನ ಸೀಮೆಯಲ್ಲಿ ಈಗ ಬೆಳಗಿನ ಆರಕ್ಕೆ ಬಿಳಿ ಅಂಗಿ ತೊಟ್ಟ ಮಕ್ಕಳು ಸಾಲಾಗಿ ನಿಂತು, ಬೇಕೆಂದೇ ಬೆನ್ನು ತಿರುಗಿಸಿ ಒದೆಯುವುದನ್ನು ಕಲಿಯುತ್ತಾರೆ. ಕಲಬುರಗಿಯ ಕರಾಟೆ, ಟೇಕ್ವಾಂಡೋ ತರಗತಿಗಳಲ್ಲಿ ಅದಕ್ಕೆ ಬ್ಯಾಕ್ ಕಿಕ್, ಸ್ಪಿನ್ ಕಿಕ್, ಟರ್ನಿಂಗ್ ಕಿಕ್ ಎಂದು ಬಾಯಿಗೆ ಬಂದ ಹೆಸರು. ಬೆಲ್ಟ್ ಪರೀಕ್ಷೆಯ ದಿನ ತಂದೆತಾಯಿ ಮೊಬೈಲ್ ಎತ್ತಿ ಹಿಡಿಯುವುದು ಈ ಒದೆತದ ಹೊತ್ತಿಗೇ. ಇದನ್ನು ಕಲಿತ ಹುಡುಗನಿಗೆ ಗೆಳೆಯರ ನಡುವೆ ಗತ್ತು ಬೇರೆ. ಇಷ್ಟು ಮೆರೆಸುವ ಈ ಒದೆ ನಿಜಕ್ಕೂ ಎಷ್ಟು ಕೆಲಸಕ್ಕೆ ಬರುತ್ತದೆ? ತಾಲೀಮಿನ ಹಿರಿಯರು ಹೇಳುವ ಹಾಗೆ ಬರೀ ಕುಣಿತವೇ, ಸಿನಿಮಾ ನೋಡಿದ ಹುಡುಗರು ನಂಬಿದ ಹಾಗೆ ಬ್ರಹ್ಮಾಸ್ತ್ರವೇ?

ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಒದೆಗಳು ಓಡಾಡುವುದರಿಂದ ಮೊದಲು ಅವನ್ನು ಬೇರ್ಪಡಿಸಬೇಕು. ಎರಡರಲ್ಲೂ ಮೈ ಬೆನ್ನಿನ ಕಡೆಯಿಂದ ತಿರುಗುತ್ತದೆ. ಒಂದರಲ್ಲಿ ಕಾಲು ವೃತ್ತವಾಗಿ ಬೀಸಿ ಬಂದು ಹಿಮ್ಮಡಿಯೋ ಅಂಗಾಲೋ ಎದುರಾಳಿಯ ಕೆನ್ನೆಗೆ ತಾಗುತ್ತದೆ. ಜಪಾನೀಯರು ಉಶಿರೊ ಮವಾಶಿ ಗೇರಿ ಎನ್ನುವುದು ಇದಕ್ಕೆ. ಇನ್ನೊಂದರಲ್ಲಿ ತಿರುಗುವುದು ಮೈ ಮಾತ್ರ, ಕಾಲು ಬಾಣದಂತೆ ನೇರ ಹಿಂದಕ್ಕೆ ಹೋಗುತ್ತದೆ. ಅದು ಕರಾಟೆಯ ಉಶಿರೊ ಗೇರಿ, ಟೇಕ್ವಾಂಡೋದ ದ್ವಿ ಚಾಗಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಕೊರಿಯಾದ ಮೂನ್ ಡೇ-ಸಂಗ್, 80 ಕಿಲೋ ಮೇಲ್ಪಟ್ಟವರ ಫೈನಲ್‌ನಲ್ಲಿ ಗ್ರೀಸಿನ ಅಲೆಕ್ಸಾಂಡ್ರೋಸ್ ನಿಕೊಲಾಯ್ಡಿಸ್‌ನನ್ನು ಅವನ ನಾಡಿನ ಪ್ರೇಕ್ಷಕರ ಎದುರೇ ಮಲಗಿಸಿದ್ದು ಬೀಸು ಒದೆಯಿಂದ. ಜನ ಅದನ್ನೂ ಬ್ಯಾಕ್ ಕಿಕ್ ಎಂದೇ ಕರೆಯುತ್ತಾರೆ. ಕಲಿಯುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬೀಸು ಒದೆ ತಲೆಗೆ, ನೇರ ಒದೆ ಹೊಟ್ಟೆ ಪಕ್ಕೆಲುಬಿಗೆ. ಬೀಸಿ ತಪ್ಪಿದರೆ ಇನ್ನೊಂದು ಸುತ್ತು ತಿರುಗಿಹೋಗುತ್ತೀರಿ, ನೇರ ಒದೆ ತಪ್ಪಿದರೆ ಕಾಲನ್ನು ಬಂದ ದಾರಿಯಲ್ಲೇ ಎಳೆದುಕೊಳ್ಳಬಹುದು. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ನೇರ ಒದೆಯ ಬಗ್ಗೆ.

ಎಡಗಾಲು ಮುಂದಿಟ್ಟು ನಿಂತ ಹುಡುಗಿ ಬಲಗಾಲಿನಿಂದ ಒದೆಯುತ್ತಾಳೆ ಎಂದುಕೊಳ್ಳೋಣ. ಮೊದಲು ಅಲುಗಬೇಕಾದದ್ದು ಒದೆಯುವ ಕಾಲಲ್ಲ, ನಿಂತ ಕಾಲು. ಎಡ ಅಂಗಾಲಿನ ಮುಂಭಾಗದ ಮೇಲೆ ಭಾರ ಬಿಟ್ಟು, ಹಿಮ್ಮಡಿಯನ್ನು ತುಸುವೇ ಎತ್ತಿ ಎದುರಾಳಿಯ ಕಡೆಗೆ ತಿರುಗಿಸಬೇಕು. ಹಿಮ್ಮಡಿ ತಿರುಗಿದರೆ ಸೊಂಟ ತಾನಾಗಿ ತಿರುಗುತ್ತದೆ. ಹಿಮ್ಮಡಿ ನೆಲಕ್ಕೆ ಕಚ್ಚಿಕೊಂಡಿದ್ದು ಸೊಂಟವಷ್ಟೇ ತಿರುಗಿದರೆ ಆ ತಿರುಚೆಲ್ಲ ಮೊಣಕಾಲಿನ ಒಳಗೆ ಹೋಗುತ್ತದೆ. ಈ ಒದೆತ ಕಲಿಯುವವರಲ್ಲಿ ಮೊಣಕಾಲು ನೋವು ಶುರುವಾಗುವುದು ಬಹುಪಾಲು ಇಲ್ಲಿಂದಲೇ. ನಮ್ಮೂರಿನ ನೆಲವೂ ಇದರಲ್ಲಿ ಪಾಲುದಾರ. ಕಲಬುರಗಿಯ ಹಳೆಯ ಸಭಾಂಗಣಗಳಿಗೆ, ಶಾಲೆ ಪಡಸಾಲೆಗಳಿಗೆ ಹಾಸಿರುವುದು ಶಹಾಬಾದ್ ಪರ್ಸಿ. ಒರೆಸಿದ ಪರ್ಸಿಯ ಮೇಲೆ ಬರಿಗಾಲು ಚೆಂದ ತಿರುಗುತ್ತದೆ. ಅದೇ ಪರ್ಸಿಯ ಮೇಲೆ ಬೇಸಿಗೆಯ ಧೂಳು ಒಂದು ಪದರ ಕೂತಿತೋ, ಒದೆ ಮುಗಿಯುವ ಮೊದಲೇ ನಿಂತ ಕಾಲು ಜಾರುತ್ತದೆ. ಸಿಮೆಂಟಿನ ಗಚ್ಚಿನ ಮೇಲಾದರೆ ಅಂಗಾಲಿನ ಚರ್ಮ ಕಿತ್ತು ಬರುತ್ತದೆ. ರಬ್ಬರ್ ಮ್ಯಾಟ್ ಮೇಲೆ ಕ್ಯಾನ್ವಾಸ್ ಬೂಟು ಹಾಕಿ ತಿರುಗಲು ಹೋದರೆ ಬೂಟು ಹಿಡಿದುಕೊಳ್ಳುತ್ತದೆ, ಮೊಣಕಾಲು ತಿರುಗುತ್ತದೆ. ಹತ್ತಿರದ ತಾಲ್ಲೂಕು ಊರು ಕಮಲಾಪುರದ ಕಡೆಯ ಶಾಲಾ ಮೈದಾನದ ಮಣ್ಣಿನ ಮೇಲೆ ಕಲಿಯುವ ಮಗುವಿಗೆ ತಿರುಗುವುದು ನಿಧಾನವಾಗುತ್ತದೆ, ಆದರೆ ಬಿದ್ದರೆ ಪೆಟ್ಟು ಕಡಿಮೆ. ತರಬೇತಿ ಕೊಡುವವರು ಒದೆತದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ, ನೆಲದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಹಿಮ್ಮಡಿಯ ನಂತರ ಕತ್ತು. ಬಲ ಭುಜದ ಮೇಲಿಂದ ಹಿಂದೆ ನೋಡಿ ಗುರಿ ಕಂಡಮೇಲೆ ಕಾಲು ಬಿಡಬೇಕು. ಮಕ್ಕಳು ಮಾಡುವುದು ತಿರುಗುಮುರುಗು, ಕಾಲು ಹೋದಮೇಲೆ ಕಣ್ಣು ಹೋಗುತ್ತದೆ. “ಮೊದ್ಲ ನೋಡು, ಆಮ್ಯಾಲ ಒದಿ” ಎಂದು ಕೂಗಿ ಕೂಗಿ ಹೇಳಿದರೂ ಹತ್ತರಲ್ಲಿ ಏಳು ಮಂದಿ ಕುರುಡು ಒದೆಯನ್ನೇ ಒದೆಯುತ್ತಾರೆ. ಇದಕ್ಕೆ ಕಾರಣ ಹೆದರಿಕೆಯಲ್ಲ, ಅವಸರ. ತಿರುಗುವುದೇ ಒದೆತ ಎಂದು ಅವರಿಗೆ ಅನಿಸಿಬಿಟ್ಟಿರುತ್ತದೆ.

ಮೂರನೆಯದು ಮೊಣಕಾಲು. ಬಲ ಮೊಣಕಾಲು ಎಡ ಮೊಣಕಾಲನ್ನು ಸವರಿಕೊಂಡೇ ಮೇಲೇಳಬೇಕು, ತೊಡೆಗಳ ನಡುವೆ ಗಾಳಿ ಆಡಬಾರದು. ಇಲ್ಲಿ ಸಂದು ಬಿಟ್ಟರೆ ಕಾಲು ಹೊರಗಿನಿಂದ ಬಳಸಿಕೊಂಡು ಬರುತ್ತದೆ, ನೇರ ಒದೆ ಅರ್ಧ ಬೀಸು ಒದೆಯಾಗಿ ಎರಡೂ ಕೆಡುತ್ತವೆ. ಕೊನೆಗೆ ಹಿಮ್ಮಡಿ ಮುಂದಾಗಿ, ಬೆರಳುಗಳು ನೆಲದ ಕಡೆ ನೋಡುವಂತೆ ಕಾಲು ಚಾಚಬೇಕು. ಬೆರಳು ಪಕ್ಕಕ್ಕೆ ನೋಡಿದರೆ ಸೊಂಟ ಹೆಚ್ಚು ತಿರುಗಿದೆ ಎಂದು ಅರ್ಥ. ಅದು ಸೈಡ್ ಕಿಕ್ ಆಯಿತು. ಪ್ಯಾಡ್ ಹಿಡಿದು ನಿಂತವನಿಗೆ ಇದನ್ನು ನೋಡಬೇಕಾಗಿಯೂ ಇಲ್ಲ. ಸರಿಯಾದ ಒದೆ ಧಪ್ ಎಂದು ಒಂದೇ ದನಿಯಲ್ಲಿ ಬಿದ್ದು, ಪ್ಯಾಡಿನ ಹಿಂದಿದ್ದ ಹೊಟ್ಟೆಯನ್ನು ಬೆನ್ನಿನ ಕಡೆಗೆ ತಳ್ಳುತ್ತದೆ. ತಪ್ಪಿದ ಒದೆ ಚಟೀರ್ ಎಂದು ಸದ್ದು ಮಾಡಿ ಹಿಡಿದವನ ಮಣಿಕಟ್ಟು ತಿರುಚುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುವುದು ಮಾತ್ರ ಹೆಚ್ಚಾಗಿ ಎರಡನೆಯದಕ್ಕೇ!

ಇಷ್ಟೊಂದು ಬಲ ಎಲ್ಲಿಂದ ಬರುತ್ತದೆ? ತಿರುಗುವುದರಿಂದ ಎಂಬುದು ಸಾಮಾನ್ಯ ಉತ್ತರ. ಅದರಲ್ಲಿ ಅರ್ಧವಷ್ಟೇ ನಿಜ. ನೇರ ಬ್ಯಾಕ್ ಕಿಕ್ ತಗಲುವ ಹೊತ್ತಿಗೆ ಮೈಯ ತಿರುಗಾಟ ಬಹುಪಾಲು ಮುಗಿದಿರುತ್ತದೆ, ಮುಗಿದಿರಲೂಬೇಕು. ಆಮೇಲೆ ಕೆಲಸ ಮಾಡುವುದು ಕುಂಡೆಯ ಸ್ನಾಯು, ಮನುಷ್ಯ ದೇಹದಲ್ಲೇ ದೊಡ್ಡದು. ತೊಡೆಯನ್ನು ಹಿಂದಕ್ಕೆ ನೂಕುವುದೇ ಅದರ ಕಸುಬು. ತಗಲುವ ಜಾಗ ಹಿಮ್ಮಡಿ, ಪಾದದ ಅತಿ ದೊಡ್ಡ ಮೂಳೆ ಇರುವುದು ಅಲ್ಲಿ. ಮುಂದಕ್ಕೆ ಒದೆಯುವಾಗ ಈ ಸ್ನಾಯುವಿನ ಪೂರ್ತಿ ಬಲ ನಮಗೆ ಸಿಕ್ಕುವುದಿಲ್ಲ, ಬೆನ್ನು ತಿರುಗಿಸಿದರೆ ಸಿಕ್ಕುತ್ತದೆ. ದನ ಕತ್ತೆಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತಬ್ಬಲಿ ಕರುವನ್ನು ಒಡಹುಟ್ಟಿದವರಿಗೆ ಒಪ್ಪಿಸುವ ಪುಣ್ಯಕೋಟಿ ಮರೆಯದೆ ಬೇಡಿಕೊಂಡದ್ದರಲ್ಲಿ ಈ ಹಿಂದಿನ ಒದೆತದ ಮಾತೂ ಇದೆ. ಸುತ್ತು ತಿರುಗುವುದು ಈ ಬಲವನ್ನು ಎದುರಾಳಿಯ ದಿಕ್ಕಿಗೆ ತಂದು ನಿಲ್ಲಿಸುತ್ತದೆ, ಮೈಯ ಭಾರವನ್ನು ಒಂದಿಷ್ಟು ಮುಂದೆ ಒಯ್ಯುತ್ತದೆ. ಜೊತೆಗೆ ಏನು ಬರುತ್ತಿದೆ ಎಂಬುದನ್ನು ಕೊನೆಯ ಗಳಿಗೆಯವರೆಗೆ ಮರೆಮಾಡುತ್ತದೆ, ಏಕೆಂದರೆ ಕಾಲು ಇರುವುದು ನಿಮ್ಮದೇ ಮೈಯ ಆಚೆ ಬದಿಗೆ.

ಆ ಮರೆಗೆ ಬೆಲೆ ತೆರಬೇಕು. ಮುಂದಿನ ಕಾಲಿನ ಒದೆತಕ್ಕಿಂತ ಇದು ನಿಧಾನ. ನಡುವೆ ಒಂದು ಕ್ಷಣ ಎದುರಾಳಿ ನಿಮಗೆ ಕಾಣುವುದಿಲ್ಲ, ನಿಂತಿರುವುದು ಒಂಟಿ ಕಾಲಿನ ಮೇಲೆ, ಕೈಗಳು ಮುಖ ಕಾಯುವ ಜಾಗದಲ್ಲಿ ಇರುವುದಿಲ್ಲ. ಸುಮ್ಮನೆ ನಿಂತು ಕಾಯುತ್ತಿರುವವನ ಮೇಲೆ ಇದನ್ನು ಪ್ರಯೋಗಿಸಿದರೆ ಅವನು ಒಂದು ಹೆಜ್ಜೆ ಹಿಂದೆ ಸರಿದು ನೋಡುತ್ತಾನೆ, ಇಲ್ಲವೇ ಒಂದು ಹೆಜ್ಜೆ ಮುಂದೆ ಬಂದು ನಿಮ್ಮ ಸೊಂಟ ಹಿಡಿಯುತ್ತಾನೆ. ನನ್ನ ತೀರ್ಮಾನ ಇಷ್ಟು: ಬ್ಯಾಕ್ ಕಿಕ್ ದಾಳಿಯಲ್ಲ, ಜವಾಬು. ಎದುರಾಳಿ ಮುನ್ನುಗ್ಗಿ ಬರುವಾಗ ಅವನ ವೇಗವೂ ಲೆಕ್ಕಕ್ಕೆ ಸೇರುತ್ತದೆ. ಅವನು ರೌಂಡ್ ಕಿಕ್ಕಿಗೆ ಕಾಲೆತ್ತಿದ್ದರೆ ಇನ್ನೂ ಒಳ್ಳೆಯದು: ಅವನೂ ಒಂಟಿ ಕಾಲಿನಲ್ಲಿರುತ್ತಾನೆ, ಪಕ್ಕೆ ತೆರೆದಿರುತ್ತದೆ, ಹಿಂದೆ ಸರಿಯಲಾರ. ಬಲಪಕ್ಕೆಯ ಕೆಳಗೆ ಯಕೃತ್ತಿನ ಮೇಲೆ ಹಿಮ್ಮಡಿ ಬಿತ್ತೆಂದರೆ ಎಂಥ ಗಟ್ಟಿ ಆಳೂ ಅಲ್ಲೇ ಕುಕ್ಕರಿಸುತ್ತಾನೆ. ಟೇಕ್ವಾಂಡೋದವರಿಗೆ ಇದು ಮೊದಲ ಪಾಠ. ನಮ್ಮ ಬಹುಪಾಲು ತರಗತಿಗಳಲ್ಲಿ ಮಾತ್ರ ಇದನ್ನು ಖಾಲಿ ಗಾಳಿಗೆ, ಸಾಲಾಗಿ ನಿಲ್ಲಿಸಿ, ಎಣಿಕೆ ಹಾಕಿ ಕಲಿಸಲಾಗುತ್ತದೆ. ಯಾರ ಯಾವ ಹೆಜ್ಜೆಗೆ ಇದು ಉತ್ತರ ಎಂಬುದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಇದು ತೀರ ಪುರಾತನ ವಿದ್ಯೆ ಎಂದುಕೊಂಡವರೂ ಇದ್ದಾರೆ. ಹಳೆಯ ಒಕಿನಾವಾ ಕರಾಟೆಯ ಒದೆಗಳು ಕೆಳಮಟ್ಟದವು, ಸರಳವಾದವು. ಶೋಟೋಕಾನ್ ಪಂಥಕ್ಕೆ ಇಂಥ ಒದೆಗಳನ್ನು ತಂದ ಹೆಗ್ಗಳಿಕೆಯನ್ನು ಸಾಮಾನ್ಯವಾಗಿ ಅದರ ಸ್ಥಾಪಕ ಗಿಚಿನ್ ಫುನಾಕೋಶಿಯ ಮಗನಿಗೆ ಕೊಡುತ್ತಾರೆ, ಅಂದರೆ ಅದಕ್ಕೆ ನೂರು ವರ್ಷವೂ ಆಗಿಲ್ಲ. ಟೇಕ್ವಾಂಡೋ ಎಂಬ ಹೆಸರು ಹುಟ್ಟಿದ್ದೇ 1955ರಲ್ಲಿ. ಅಮೆರಿಕದ ವಾಯುಪಡೆಯಲ್ಲಿದ್ದು ಕೊರಿಯಾದಲ್ಲಿ ಟಾಂಗ್ ಸೂ ಡೋ ಕಲಿತ ಚಕ್ ನಾರಿಸ್ 1960ರ ದಶಕದ ಟೂರ್ನಿಗಳಲ್ಲಿ ಇದನ್ನು ಬಳಸಿದಾಗ ಅಲ್ಲಿನವರಿಗೆ ಅದು ಹೊಸತು. ನಮ್ಮಲ್ಲಿಗೆ ಇದು ಬಂದದ್ದು ಪರದೆಯ ಮೂಲಕ, ಮೊದಲು ಬ್ರೂಸ್ ಲೀ, ಆಮೇಲೆ ಕರಾಟೆ ಕಿಂಗ್ ಎನಿಸಿಕೊಂಡ ನಮ್ಮ ಶಂಕರ್‌ನಾಗ್. ಪರದೆಯಿಂದ ಬಂದದ್ದಕ್ಕೆ ಪರದೆಯ ಗುಣ ಅಂಟಿಕೊಂಡಿತು. ಸಿನಿಮಾದ ಎದುರಾಳಿ ಒದೆ ಬೀಳುವವರೆಗೂ ಕದಲದೆ ನಿಂತಿರುತ್ತಾನಲ್ಲ.

ಅಂಕಣಕ್ಕೆ ಬಂದರೆ ಈ ಒದೆತದ ಬೆಲೆಯನ್ನು ನಿರ್ಧರಿಸುವುದು ಆಟದ ಕಾನೂನು. ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಸಿನ ಟೇಕ್ವಾಂಡೋದಲ್ಲಿ ಮೈಗೆ ಸಾಮಾನ್ಯ ಒದೆ ಬಿದ್ದರೆ 2 ಅಂಕ, ತಿರುಗಿ ಒದ್ದರೆ 4. ತಲೆಗೆ ಸಾಮಾನ್ಯ ಒದೆಗೆ 3, ತಿರುಗಿ ಒದ್ದರೆ 5. ಗುದ್ದಿಗೆ 1 ಮಾತ್ರ. ಅಂದರೆ ಮೈಗೆ ಅದೇ ಬಲದಿಂದ ಬಿದ್ದರೂ ಬೆನ್ನು ತಿರುಗಿಸಿದ್ದಕ್ಕೆ ದುಪ್ಪಟ್ಟು ಕೂಲಿ. ಇದರ ಹಿನ್ನೆಲೆಯಲ್ಲಿ ಎಲೆಕ್ಟ್ರಾನಿಕ್ ಕವಚ ಇದೆ. ಕಾಲ್ಚೀಲದ ಸಂವೇದಕ ಕವಚಕ್ಕೆ ತಾಗಿ, ತೂಕದ ವಿಭಾಗಕ್ಕೆ ತಕ್ಕ ಕನಿಷ್ಠ ಬಲವೂ ಇದ್ದರೆ ಅಂಕ ದಾಖಲಾಗುತ್ತದೆ. ಈ ಯಂತ್ರ ಬಂದಮೇಲೆ ಆಟಗಾರರು ಮುಂಗಾಲನ್ನು ಎತ್ತಿ ಹಿಡಿದು, ಕತ್ತಿವರಸೆಯವರಂತೆ ಚುಚ್ಚುತ್ತ ಅಂಕ ಕದಿಯತೊಡಗಿದರು. ನೋಡುವವರಿಗೆ ಬೇಸರವಾಯಿತು. ತಿರುಗು ಒದೆಗೆ ಕೊಟ್ಟ ಹೆಚ್ಚುವರಿ ಅಂಕ ಆ ಬೇಸರಕ್ಕೆ ಮದ್ದು ಎಂದೇ ನನಗೆ ತೋರುತ್ತದೆ. ಕವಚ ಒದೆಯನ್ನಷ್ಟೇ ಗುರುತಿಸುತ್ತದೆ, ತಿರುಗಿದ್ದು ನಿಜವೇ ಎಂದು ನೋಡಿ ಹೆಚ್ಚುವರಿ ಅಂಕ ಒತ್ತುವವರು ಮೂಲೆಯಲ್ಲಿ ಕೂತ ತೀರ್ಪುಗಾರರು.

ಆ ಹೆಚ್ಚುವರಿಯ ತೂಕ ಎಷ್ಟು ಎಂಬುದಕ್ಕೆ 2016ರ ರಿಯೋ ಸಾಕ್ಷಿ. 80 ಕಿಲೋ ವಿಭಾಗದ ಫೈನಲ್‌ನಲ್ಲಿ ಬ್ರಿಟನ್ನಿನ ಲುಟಾಲೊ ಮುಹಮ್ಮದ್ 6–4ರಿಂದ ಮುಂದಿದ್ದ. ಗಡಿಯಾರದಲ್ಲಿ ಉಳಿದದ್ದು ಕೊನೆಯ ಸೆಕೆಂಡು. ಐವರಿ ಕೋಸ್ಟಿನ ಶೇಕ್ ಸಿಸ್ಸೆ ತಿರುಗಿ ತಲೆಗೆ ಬೀಸಿದ, ಆಗಿನ ಕಾನೂನಿನಂತೆ 4 ಅಂಕ ಬಂತು, 8–6. ಆ ದೇಶಕ್ಕೆ ಒಲಿಂಪಿಕ್ಸಿನ ಮೊದಲ ಚಿನ್ನ. ಮುಂದಿದ್ದವನು ಅಂಕ ಕಾಯುತ್ತಾನೆ, ಹಿಂದಿದ್ದವನಿಗೆ ಕಳೆದುಕೊಳ್ಳುವುದೇನೂ ಇರುವುದಿಲ್ಲ. ದುಬಾರಿ ಒದೆತಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ವಿಶ್ವ ಕರಾಟೆ ಒಕ್ಕೂಟದ ಕುಮಿತೆಗೆ, ಅಂದರೆ ಎದುರುಬದುರು ಸೆಣಸಾಟಕ್ಕೆ, ಹೋದರೆ ಲೆಕ್ಕ ಬದಲು. ಅಲ್ಲಿ ತಲೆಗೆ ಒದೆ 3 ಅಂಕದ ಇಪ್ಪೋನ್, ಹೊಟ್ಟೆಗೆ ಒದೆ 2 ಅಂಕದ ವಾಜಾ-ಅರಿ. ತಿರುಗಿದ್ದಕ್ಕೆ ನಯಾಪೈಸೆ ಹೆಚ್ಚಿಲ್ಲ. ಮೇಲಾಗಿ ಎದುರಾಳಿಗೆ ಬೆನ್ನು ಕೊಟ್ಟು ತನ್ನನ್ನು ಅಪಾಯಕ್ಕೆ ಒಡ್ಡಿಕೊಳ್ಳುವುದಕ್ಕೆ ಮುಬೋಬಿ ಎಂಬ ತಪ್ಪಿನ ಹೆಸರೇ ಇತ್ತು. ಹೀಗಾಗಿ ಅಂಕದ ಕರಾಟೆಯಲ್ಲಿ ಬುದ್ಧಿವಂತ ಆಟಗಾರ ಇದನ್ನು ಅಪರೂಪಕ್ಕೆ ಹೊರತೆಗೆಯುತ್ತಾನೆ. ಕಲಬುರಗಿಯಲ್ಲಿ ಒಂದೇ ಬೀದಿಯ ಎರಡು ತರಗತಿಗಳ ಮಕ್ಕಳು ಒಂದೇ ಒದೆಯನ್ನು ಒಬ್ಬರು ದಿನವೂ, ಇನ್ನೊಬ್ಬರು ಬೆಲ್ಟ್ ಪರೀಕ್ಷೆಗೆ ಮಾತ್ರ ಕಲಿತರೆ ಅದರಲ್ಲಿ ಗುರುಗಳ ದೋಷವೇನಿಲ್ಲ, ಅಂಕಪಟ್ಟಿ ಹಾಗಿದೆ. ಪ್ಯಾರಾ ಟೇಕ್ವಾಂಡೋದ ಲೆಕ್ಕ ಇನ್ನೊಂದು ಬಗೆ: ತಲೆಗೆ ಒದೆಯುವಂತಿಲ್ಲ, ಮೈಗೆ ಸಾಮಾನ್ಯ ಒದೆ 2, ತಿರುಗಿದರೆ 3, ಪೂರ್ತಿ 360 ಡಿಗ್ರಿ ತಿರುಗಿ ಒದ್ದರೆ 4. ತೋಳಿನ ಊನವಿರುವವರು ಆಡುವ ಆಟದಲ್ಲಿ ಸಮತೋಲನದ ಅತಿ ಕಠಿಣ ಒದೆಗೆ ಅತಿ ಹೆಚ್ಚು ಅಂಕ! ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ ಅರುಣಾ ತನ್ವರ್ ಈ ಆಟದಲ್ಲಿ ಭಾರತದ ಮೊದಲ ಸ್ಪರ್ಧಿಯಾಗಿದ್ದರು.

ಅಂಕದ ಹಂಗಿಲ್ಲದ, ಮಲಗಿಸಿದವನೇ ಗೆದ್ದ ಎನ್ನುವ ಕಡೆಗಳಲ್ಲಿ ಇದು ನಿಲ್ಲುತ್ತದೆಯೇ? ನಿಲ್ಲುತ್ತದೆ, ಶರತ್ತಿನ ಮೇಲೆ. 1996ರ ಕೆ-1 ಕಿಕ್‌ಬಾಕ್ಸಿಂಗ್ ಫೈನಲ್‌ನಲ್ಲಿ ಸ್ವಿಸ್ ಕರಾಟೆಪಟು ಆ್ಯಂಡಿ ಹುಗ್, ಮೈಕ್ ಬರ್ನಾರ್ಡೊನನ್ನು ಕೆಡವಿದ್ದು ತಿರುಗಿ ಕಾಲಿಗೇ ಹಿಮ್ಮಡಿ ಬೀಸಿ. ತಲೆ ಕಾಯುತ್ತಿದ್ದವನಿಗೆ ಅದು ಊಹೆಯಲ್ಲೂ ಇರಲಿಲ್ಲ. ಮಿಶ್ರ ಸಮರಕಲೆಯ ಯುಎಫ್‌ಸಿಯಲ್ಲಿ ಎಡ್ಸನ್ ಬಾರ್ಬೋಜಾ 2012ರ ಜನವರಿಯಲ್ಲಿ ಟೆರಿ ಎಟಿಮ್‌ಗೆ ಬೀಸಿದ ಒದೆ, 2015ರಲ್ಲಿ ಜಪಾನಿನಲ್ಲಿ ಯುರಾಯಾ ಹಾಲ್ ಗೆಗಾರ್ಡ್ ಮೂಸಾಸಿಗೆ ಕೊಟ್ಟ ಬ್ಯಾಕ್ ಕಿಕ್ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಹಾಲ್‌ನದನ್ನು ನಿಧಾನವಾಗಿ ಓಡಿಸಿ ನೋಡಬೇಕು. ಹೊಟ್ಟೆಯ ಎತ್ತರಕ್ಕೆ ಹೋಗುವಂಥ ಒದೆ, ಮೂಸಾಸಿ ತಗ್ಗಿದ್ದರಿಂದ ತಲೆಗೆ ಬಿತ್ತು. 2020ರ ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಹ್ವಾಕೀನ್ ಬಕ್ಲಿಯದು ಇದಕ್ಕಿಂತ ಸೋಜಿಗ: ಎದುರಾಳಿ ಇಂಪಾ ಕಸಂಗನಾಯ್ ಅವನ ಒಂದು ಕಾಲನ್ನು ಹಿಡಿದುಕೊಂಡಿದ್ದ. ಹಿಡಿದ ಕಾಲನ್ನೇ ಆಸರೆ ಮಾಡಿಕೊಂಡು ಬಕ್ಲಿ ಮೇಲೆ ಹಾರಿ ತಿರುಗಿ ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮುಖಕ್ಕೆ ಇಟ್ಟ. ಎರಡೂ ಕೈ ಕಾಲಿಗೆ ಕೊಟ್ಟವನು ಮುಖ ಕಾಯುವುದು ಹೇಗೆ?

ಇಂಥ ತುಣುಕುಗಳನ್ನು ನೋಡಿಯೇ ಹುಡುಗರು ಇದರ ಬಗ್ಗೆ ತೀರ್ಪು ಕೊಡುವುದು. ತಪ್ಪಿಹೋದ ಒದೆಗಳ ತುಣುಕನ್ನು ಯಾರೂ ಹಂಚುವುದಿಲ್ಲ. ತಿರುಗಿ ಒದ್ದು, ಗುರಿ ತಪ್ಪಿ, ಹಿಂದಿನಿಂದ ಸೊಂಟ ಹಿಡಿಸಿಕೊಂಡು, ನೆಲ ಕಚ್ಚಿ ಸೋತವರ ಪಂದ್ಯಗಳು ಬೇಸರದವು. ತಾಲೀಮಿನ ಹಿರಿಯರ ಆಕ್ಷೇಪ ಹುರುಳಿಲ್ಲದ್ದಲ್ಲ. ಕುಸ್ತಿ ಬಲ್ಲವನ ಎದುರು ಬೆನ್ನು ತಿರುಗಿಸುವುದು ದುಬಾರಿ ಜೂಜು. ಆದರೂ ಕುಸ್ತಿಯಲ್ಲಿ ಪಳಗಿದ ಜಾರ್ಜ್ ಸೇಂಟ್ ಪಿಯರ್, ಯುಎಫ್‌ಸಿ ಚಾಂಪಿಯನ್ ಆದಮೇಲೂ ಟೇಕ್ವಾಂಡೋ ಹಿನ್ನೆಲೆಯ ಜೋ ರೋಗನ್ ಬಳಿ ಹೋಗಿ ಇದೇ ಒದೆಯನ್ನು ತಿದ್ದಿಸಿಕೊಂಡ. ಹಿಡಿತಕ್ಕೆ ಹೆದರದವನು ಬೆನ್ನು ತಿರುಗಿಸಲು ಹೆಚ್ಚು ಧೈರ್ಯ ಮಾಡಬಲ್ಲ. ತಾಲೀಮಿನ ಹುಡುಗನೊಬ್ಬ ಬ್ಯಾಕ್ ಕಿಕ್ ಕಲಿತರೆ ಕರಾಟೆ ಹುಡುಗನಿಗಿಂತ ಅಪಾಯಕಾರಿಯಾದಾನು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ತಿಯಾದಮೇಲೆ ರೈಲೂ ಇದೆ. ನಗರದ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಸುತ್ತಮುತ್ತ ಬೆಳೆಯುವ ಹುಡುಗನಿಗೂ ಕಮಲಾಪುರದ ಹುಡುಗಿಗೂ ಇರುವ ಅಂತರ ಈ ಕಿಲೋಮೀಟರುಗಳದ್ದಲ್ಲ, ಜೊತೆಗಾರರದ್ದು. ಜವಾಬಿನ ಒದೆ ಕಲಿಯಲು ಸವಾಲು ಹಾಕುವವರು ಬೇಕು. ಬೇರೆ ಬೇರೆ ಎತ್ತರದ, ಬೇರೆ ಬೇರೆ ವೇಗದ ಹತ್ತಾರು ಮಂದಿ ಎದುರು ಬಂದಾಗ ಮಾತ್ರ ಯಾವ ಹೆಜ್ಜೆಗೆ ತಿರುಗಬೇಕು ಎಂದು ಮೈಗೆ ಗೊತ್ತಾಗುತ್ತದೆ. ಸಣ್ಣ ಊರಿನ ತರಗತಿಯಲ್ಲಿ ಹರಿದ ಪ್ಯಾಡ್ ಇರುತ್ತದೆ, ಉತ್ಸಾಹ ಇರುತ್ತದೆ, ಎದುರು ನಿಲ್ಲುವ ಸಮವಯಸ್ಕರು ಮೂವರೋ ನಾಲ್ವರೋ. ಎಲೆಕ್ಟ್ರಾನಿಕ್ ಕವಚವನ್ನು ಆ ಮಕ್ಕಳು ಮುಟ್ಟುವುದೇ ದೊಡ್ಡ ಟೂರ್ನಿಗೆ ಹೋದಾಗ. ಸದ್ದು ಬಂದರೂ ಅಂಕ ಬರಲಿಲ್ಲವಲ್ಲ ಎಂದು ಅಲ್ಲಿ ಕಂಗಾಲಾಗುತ್ತಾರೆ.

ಇದರ ಜೊತೆಗೆ ಆತ್ಮರಕ್ಷಣೆಯ ತರಬೇತಿ ಬಂದಿದೆ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಕಲಿಕೆ, ವಸತಿ ಶಾಲೆ ಹಾಸ್ಟೆಲ್‌ಗಳ ಹುಡುಗಿಯರಿಗೆ ಸಮಾಜ ಕಲ್ಯಾಣ ಇಲಾಖೆಯ ಓಬವ್ವ ಆತ್ಮರಕ್ಷಣಾ ಕಲೆ. ಯೋಜನೆಗಳ ಉದ್ದೇಶದ ಬಗ್ಗೆ ತಕರಾರಿಲ್ಲ. ಮೂರು ತಿಂಗಳ ಕೊನೆಗೆ ಅತಿಥಿಗಳ ಎದುರು ನಡೆಯುವ ಪ್ರದರ್ಶನಕ್ಕಾಗಿ ಸ್ಪಿನ್ ಕಿಕ್ ಹೇಳಿಕೊಡುವುದರ ಬಗ್ಗೆ ಇದೆ. ಚೂಡಿದಾರ, ಚಪ್ಪಲಿ, ಹೆಗಲಿಗೆ ಪುಸ್ತಕದ ಬ್ಯಾಗು, ಸುತ್ತ ಜನ ಒತ್ತಿ ನಿಂತ ಬಸ್ ನಿಲ್ದಾಣ; ಅಲ್ಲಿ ತಿರುಗಲು ಜಾಗವೂ ಇಲ್ಲ, ಸಮಯವೂ ಇಲ್ಲ, ಕಿರುಕುಳ ಕೊಡುವವನು ಒದೆಯ ದೂರದಲ್ಲಿ ನಿಲ್ಲುವುದೂ ಇಲ್ಲ. ಮೈಗೆ ಹತ್ತಿರ ಬಂದವನಿಗೆ ಮೊಣಕೈ, ಮೊಣಕಾಲು, ಕೂಗು, ಓಟ. ಬಕ್ಲಿಯ ಸಾಹಸ ಮೂರು ತಿಂಗಳಲ್ಲಿ ಬರುವುದಿಲ್ಲ.

ಆದರೂ ಒದೆಯನ್ನೇ ಕೈಬಿಡಬೇಕಿಲ್ಲ, ಸುತ್ತನ್ನು ಬಿಟ್ಟರೆ ಸಾಕು. ಹಿಂದಿನಿಂದ ಬಂದು ಒಬ್ಬ ಹೆಗಲೋ ಬ್ಯಾಗೋ ಹಿಡಿದರೆ ಹುಡುಗಿಯ ಬೆನ್ನು ಆಗಲೇ ಅವನ ಕಡೆಗೇ ಇದೆ, ತಿರುಗುವ ಕೆಲಸವನ್ನು ಅವನೇ ಮಾಡಿಕೊಟ್ಟಿದ್ದಾನೆ. ಭುಜದ ಮೇಲಿಂದ ಒಮ್ಮೆ ನೋಡಿ ಮೊಣಕಾಲಿಗೋ ತೊಡೆಸಂದಿಗೋ ಹಿಮ್ಮಡಿ ನೂಕಿದರೆ ಹಿಡಿತ ಸಡಿಲುತ್ತದೆ. ಎರಡೂ ಕೈ ಗೋಡೆಗೆ ಊರಿ ಹಿಂದಕ್ಕೆ ಒದೆಯುವ ಅಭ್ಯಾಸ ಇದಕ್ಕೆ ಸಾಕು, ಮ್ಯಾಟೂ ಬೇಡ, ಕವಚವೂ ಬೇಡ. ಕಮಲಾಪುರದ ಶಾಲೆಯಲ್ಲೂ ಗೋಡೆಗೆ ಬರವಿಲ್ಲ.

ಸ್ಪರ್ಧೆಗೆ ಹೋಗುವವರಿಗೂ ಇದೇ ಗೋಡೆಯಿಂದ ಶುರುಮಾಡಿಸಬಹುದು. ಕಾಲು ನೇರ ಹೋಗುವುದು ರೂಢಿಯಾದಮೇಲೆ ಕತ್ತು, ಆಮೇಲೆ ಹಿಮ್ಮಡಿಯ ತಿರುಗು, ಪೂರ್ತಿ ಸುತ್ತು ಎಲ್ಲಕ್ಕೂ ಕೊನೆಗೆ. ಆ ಕೊನೆಯ ಹಂತದಲ್ಲಿ ಪ್ಯಾಡ್ ಹಿಡಿದವನು ಕಂಬದಂತೆ ನಿಲ್ಲದೆ ಕಾಲೆತ್ತಿ ಮೇಲೆ ನುಗ್ಗಿ ಬರಬೇಕು, ಕೆಲವೊಮ್ಮೆ ನುಗ್ಗಿದಂತೆ ಮಾಡಿ ಬರದೆಯೂ ಇರಬೇಕು. ಆಗ ತಿರುಗದೆ ನಿಂತ ಹುಡುಗಿಗೂ ಅಂಕ ಕೊಡುವ ಬೆಲ್ಟ್ ಪರೀಕ್ಷೆಯನ್ನು ನಾನಂತೂ ಈವರೆಗೆ ನೋಡಿಲ್ಲ.